ಪುಟ್ಟನ ಬೆಳಗಿನ ಬಟ್ಟಲು

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ.

ಮಿಶಿಗನ್ನಿನಿಂದ ಮರಳಿ ತಿಂಗಳಾಯಿತು. ಅಲ್ಲಿದ್ದಾಗಲೇ ಹೇಳಬೇಕೆಂದುಕೊಂಡು, ನೀವಿಬ್ಬರೂ ಕೆಲಸಕ್ಕೆ ಹೊರಡುವ ಧಾವಂತವನ್ನು ಕಂಡು ನುಂಗಿಕೊಂಡ ಮಾತೊಂದಿದೆ. ದಿನಾ ಬೆಳಗ್ಗೆ ಬಣ್ಣದ ಡಬ್ಬದ ಸಿಹಿ ಸೀರಿಯಲ್ಲಿಗೆ ತಣ್ಣನೆಯ ಹಾಲು ಸುರಿದು ಪುಟ್ಟನಿಗೆ ಕೊಡುತ್ತಿದ್ದವಳು ನಾನೇ. ಹತ್ತು ಗಂಟೆಯಾಗುವಷ್ಟರಲ್ಲಿ ಅವನು ಹಸಿವೆಂದು ನನ್ನ ಸೆರಗು ಹಿಡಿಯುತ್ತಿದ್ದ.

ಆ ತಿಂಡಿಯ ತವರು ನಿಮ್ಮ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರೇ. ಅಲ್ಲಿ ಆರೋಗ್ಯಧಾಮವನ್ನು ನಡೆಸುತ್ತಿದ್ದ, ಮಾಂಸಾಹಾರವನ್ನು ಬಿಟ್ಟಿದ್ದ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಮತ್ತು ಅವರ ತಮ್ಮ ವಿಲ್ ಕೀತ್ ಕೆಲಾಗ್ 1894ರಲ್ಲಿ ಬೇಯಿಸಿ ಹಾಗೆಯೇ ಉಳಿದಿದ್ದ ಗೋಧಿಯನ್ನು ಉರುಳೆಗೆ ಕೊಟ್ಟಾಗ, ನಮ್ಮ ಅವಲಕ್ಕಿಯಂತೆ ಕಾಳುಕಾಳೂ ತೆಳ್ಳಗಾಗಿ ಬಂದಿತಂತೆ. ಅದು ರೋಗಿಗಳ ಪಥ್ಯವಾಯಿತು. ಮುಂದೆ ಮೆಕ್ಕೆಜೋಳದ ಚಕ್ಕೆಗೆ ಸಕ್ಕರೆ ಸೇರಿಸುವ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಮನಸ್ತಾಪವಾಗಿ, ಸಕ್ಕರೆ ಬೇಕೆಂದ ತಮ್ಮ 1906ರಲ್ಲಿ ತನ್ನದೇ ಕಂಪನಿಯನ್ನು ಕಟ್ಟಿದ. 1953ರಲ್ಲಿ ಮಕ್ಕಳಿಗೆಂದು ಬಂದ, ಅದೇ ಕಂಪನಿಯ ಸೀರಿಯಲ್ ಷುಗರ್ ಸ್ಮ್ಯಾಕ್ಸ್‌ನಲ್ಲಂತೂ ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇತ್ತು. ಪಥ್ಯವಾಗಿ ಹುಟ್ಟಿದ್ದು ಇಲ್ಲಿಗೆ ಬಂದು ಮುಟ್ಟಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಡಬ್ಬದಲ್ಲಿ ಬಂದದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕತ್ತು ಊದಿಕೊಳ್ಳುವ ಗಳಗಂಡ ರೋಗವನ್ನು ತಡೆಯಲು ಅಯೋಡಿನ್ ಬೆರೆಸಿದ ಉಪ್ಪನ್ನು 1924ರಲ್ಲಿ ಅಂಗಡಿಗೆ ತಂದದ್ದೂ ಅದೇ ಮಿಶಿಗನ್. ನೀನು ನೋಡಬೇಕಾದದ್ದು ಡಬ್ಬದ ಬದಿಯ ಪಟ್ಟಿಯನ್ನು. ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ಅದರಲ್ಲಿ ಬೇರೆಯಾಗಿ ತೋರಿಸಬೇಕೆಂದು 2016ರಲ್ಲಿ ಅಮೆರಿಕದಲ್ಲಿ ನಿಯಮವಾಗಿದೆ. ನಾಲ್ಕು ಗ್ರಾಂ ಎಂದರೆ ಒಂದು ಟೀ ಚಮಚ ಸಕ್ಕರೆ. ಎರಡು ವರ್ಷ ದಾಟಿದ ಮಕ್ಕಳಿಗೆ ಹೀಗೆ ಸೇರಿಸಿದ ಸಕ್ಕರೆ ದಿನಕ್ಕೆ ಇಪ್ಪತ್ತೈದು ಗ್ರಾಂಗಿಂತ ಕಡಿಮೆ ಇರಲಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಆದರೆ ಆ ಲೆಕ್ಕವೆಲ್ಲ ಪಟ್ಟಿಯ ತಲೆಯಲ್ಲಿ ಬರೆದಿರುವ ಒಂದು ಅಳತೆಗೆ (ಸರ್ವಿಂಗ್) ಮಾತ್ರ. ಒಂದು ದಿನ ನಾನು ಪುಟ್ಟನ ಬಟ್ಟಲಿಗೆ ಎಂದಿನಂತೆ ಸುರಿದು, ಅದನ್ನೇ ನಿನ್ನ ಅಳತೆಯ ಕಪ್ಪಿಗೆ ಹಾಕಿ ನೋಡಿದೆ. ಹೆಚ್ಚುಕಡಿಮೆ ಎರಡು ಅಳತೆಯಾಯಿತು.

ಬೆಳಗ್ಗೆ ಎದ್ದು ಉಪ್ಪಿಟ್ಟು ಮಾಡು ಎಂದು ನಾನು ಹೇಳಲಾರೆ, ನಿನಗೆ ಹೊತ್ತೆಲ್ಲಿದೆ? ನಿಮ್ಮ ಪಕ್ಕದ ಮನೆಯ ಅಜ್ಜಿ ತೋರಿಸಿಕೊಟ್ಟ ಅಲ್ಲಿಯದೇ ಅಡುಗೆಯೊಂದನ್ನು ಹೇಳುತ್ತೇನೆ. ರಾತ್ರಿ ಮಲಗುವ ಮುನ್ನ ಸ್ಲೋ ಕುಕ್ಕರಿನ (ಕರೆಂಟಿನಲ್ಲಿ ನಿಧಾನವಾಗಿ ಬೇಯಿಸುವ ಪಾತ್ರೆ) ಒಳಗೆ ಬೆಣ್ಣೆ ಸವರಿ, ಒಂದು ಕಪ್ ಸ್ಟೀಲ್ ಕಟ್ ಓಟ್ಸಿಗೆ, ಅಂದರೆ ನುಚ್ಚಿನಂತೆ ಕತ್ತರಿಸಿದ ಓಟ್ಸಿಗೆ, ನಾಲ್ಕು ಕಪ್ ನೀರು, ಹೆಚ್ಚಿದ ಒಂದು ಸೇಬು, ಚಿಟಿಕೆ ಉಪ್ಪು, ತುಸು ದಾಲ್ಚಿನ್ನಿ ಪುಡಿ ಹಾಕಿ ಸಣ್ಣ ಉರಿಯ ಗುರುತಿಗೆ ತಿರುಗಿಸಿಬಿಡು. ಏಳೆಂಟು ಗಂಟೆಯಲ್ಲಿ, ನೀವು ಏಳುವಷ್ಟರಲ್ಲಿ, ಗಂಜಿಯಂತೆ ಬೆಂದಿರುತ್ತದೆ. ಸೇಬಿನ ಸಿಹಿಯೇ ಸಾಕು. ಬೇಸಿಗೆಯಲ್ಲಿ ನಿಮ್ಮ ಕಡೆಯ ಚೆರ್ರಿ ಹಣ್ಣನ್ನು ಬೀಜ ತೆಗೆದು ಮೇಲೆ ಹಾಕಬಹುದು.

ಆ ಕುಕ್ಕರ್ ನಿನ್ನಲ್ಲಿದೆ, ಮರೆತಿರಬೇಕು. ಸಿಂಕಿನ ಕೆಳಗಿನ ಕಪಾಟಿನಲ್ಲಿ, ಬಿಚ್ಚದ ಪೆಟ್ಟಿಗೆಯಲ್ಲೇ ಇತ್ತು. ಬರುವ ಹಿಂದಿನ ದಿನ ನಾನು ತೊಳೆದು ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಪುಟ್ಟ ತಿಂದನೇ ಎಂದು ಭಾನುವಾರ ಫೋನಿನಲ್ಲಿ ತಿಳಿಸು.

ಇತಿ,
ನಿನ್ನ ಅಮ್ಮ