ಮಗಳಿಗೊಂದು ಪತ್ರ: ದಾರಿಯಲ್ಲಿ ಅರಳಬಾರದ ಮೊಗ್ಗು

ಉಡುಪಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದ.

ಪ್ರೋಟೀನ್ ಕಟ್ಟುವ ಸಂದೇಶ ಹೊತ್ತ ಎಂಆರ್‌ಎನ್‌ಎ ಕೋಶದೊಳಗೆ ಹೇಗೆ ಸಾಗುತ್ತದೆ ಎಂಬುದರ ಮೇಲೆ ಸೆಮಿನಾರ್‌ಗೆಂದು ನೀನು ಮಾಡಿದ ಸ್ಲೈಡುಗಳನ್ನು ನೋಡಿದೆ. ಮೋಟಾರು, ಹಳಿ, ಸರಕು ಎಲ್ಲ ಬಂದಿದೆ. ಆದರೆ ಎಂಆರ್‌ಎನ್‌ಎ ಹೋಗುವ ದಾರಿಯಲ್ಲೇ ಯಾಕೆ ಪ್ರೋಟೀನ್ ತಯಾರಾಗುವುದಿಲ್ಲ ಎಂಬುದಕ್ಕೆ ಒಂದು ಸಾಲೂ ಇಲ್ಲವಲ್ಲ ಮಾರಾಯ್ತಿ! ನನ್ನ ಲೆಕ್ಕದಲ್ಲಿ ಅರ್ಧ ವಿಷಯ ಇರುವುದೇ ಅಲ್ಲಿ.

ಶಂಕರಪುರದ ಮಲ್ಲಿಗೆಯನ್ನು ನೆನೆಸಿಕೊ. ಬೆಳಿಗ್ಗೆ ಮೊಗ್ಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತಾರೆ. ಮಂಗಳೂರು ಮುಟ್ಟುವ ಮೊದಲೇ ಅರಳಿಬಿಟ್ಟರೆ ಆ ಚೆಂಡನ್ನು ಯಾರು ಕೊಳ್ಳುತ್ತಾರೆ? ನೀನು ಆರಿಸಿಕೊಂಡ ಯೀಸ್ಟಿನ ಆಶ್1 ಎಂಆರ್‌ಎನ್‌ಎಗೂ ಅದೇ ಕಟ್ಟುಪಾಡು. ಯೀಸ್ಟಿನ ತಾಯಿ ಕೋಶದಿಂದ ಮೊಗ್ಗಾಗಿ ಮೂಡುವುದೇ ಮಗಳು ಕೋಶ. ಆಶ್1 ಪ್ರೋಟೀನ್ ಆ ಮಗಳು ಕೋಶದಲ್ಲಿ ಮಾತ್ರ ಸೇರಿಕೊಂಡು, ಲಿಂಗಮಾದರಿ ಬದಲಿಸುವ ಎಚ್‌ಓ ಜೀನನ್ನು ಮುಚ್ಚಬೇಕು. ಆಗ ಮಗಳು ಲಿಂಗಮಾದರಿ ಬದಲಿಸುವುದಿಲ್ಲ, ತಾಯಿ ಬದಲಿಸುತ್ತಾಳೆ. (ತಾಯಿ, ಮಗಳು ಎಂಬ ಹೆಸರು ಪಠ್ಯದಲ್ಲೇ ಇರುವುದು, ನಾನಿಟ್ಟದ್ದಲ್ಲ.) ಸಾಗಣೆ ಕೆಟ್ಟರೆ ಪ್ರೋಟೀನ್ ಇಬ್ಬರಲ್ಲೂ ಹಂಚಿಹೋಗುತ್ತದೆ, ಎಚ್‌ಓ ಇಬ್ಬರಲ್ಲೂ ಮುಚ್ಚಿಕೊಳ್ಳುತ್ತದೆ.

ಅರಳದಂತೆ ಹಿಡಿದಿಡುವ ಪ್ರೋಟೀನುಗಳು ಇಬ್ಬರು, ಪಫ್6 ಮತ್ತು ಕೆಎಚ್‌ಡಿ1. ಇಬ್ಬರೂ ಎಂಆರ್‌ಎನ್‌ಎಗೆ ಅಂಟಿಕೊಂಡು ಅನುವಾದ, ಅಂದರೆ ಸಂದೇಶ ಓದಿ ಪ್ರೋಟೀನ್ ಕಟ್ಟುವ ಕೆಲಸ, ಶುರುವಾಗದಂತೆ ತಡೆಯುತ್ತಾರೆ. ಮೊಗ್ಗಿನ ತುದಿಯ ಪೊರೆಯಲ್ಲಿ ವೈಸಿಕೆ1 ಎಂಬ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಕಾದಿರುತ್ತದೆ. ಅದು ಕೆಎಚ್‌ಡಿ1ಕ್ಕೆ ಫಾಸ್ಫೇಟ್ ಅಂಟಿಸಿದಾಗ ಹಿಡಿತ ಸಡಿಲುತ್ತದೆ. ಪಫ್6ನ ಹಿಡಿತ ಬಿಡಿಸುವುದು ಸಿಕೆ2 ಎಂಬ ಇನ್ನೊಂದು ಕೈನೇಸ್. ಅಂದರೆ ಬಂದು ಮುಟ್ಟಿದ್ದಕ್ಕೆ ರುಜು ಹಾಕುವ ವ್ಯವಸ್ಥೆಯೂ ಇದೆ. ಇದಕ್ಕೆ ಒಂದು ಇಡೀ ಸ್ಲೈಡು ಕೊಡು.

ಇನ್ನೊಂದು ತಪ್ಪು. ಎಂಆರ್‌ಎನ್‌ಎ ಎಲ್ಲಿಗೆ ಹೋಗಬೇಕೆಂಬ ವಿಳಾಸ ಯಾವಾಗಲೂ ಅದರ 3′ ತುದಿಯ (ಬಾಲದ ಕಡೆಯ) ಅನುವಾದವಾಗದ ಭಾಗದಲ್ಲಿರುತ್ತದೆ ಎಂದು ಬರೆದಿದ್ದಿ. ಬೀಟಾ ಆಕ್ಟಿನ್ ಎಂಆರ್‌ಎನ್‌ಎಗೆ ಅದು ಸರಿ, ಅಲ್ಲಿ 54 ನ್ಯೂಕ್ಲಿಯೊಟೈಡಿನ (ಆರ್‌ಎನ್‌ಎ ಅಕ್ಷರದ) ಜಿಪ್‌ಕೋಡ್ ಇದೆ. ಆಶ್1ರಲ್ಲಿ ನಾಲ್ಕು ತುಣುಕುಗಳು: ಮೂರು ಪ್ರೋಟೀನ್ ಬರೆದಿರುವ ಭಾಗದ ಒಳಗೇ, ನಾಲ್ಕನೆಯದು ಪ್ರೋಟೀನ್ ಬರಹ ಮುಗಿಯುವ ಗುರುತಾದ ಸ್ಟಾಪ್ ಕೋಡಾನನ್ನು ದಾಟಿ ಆಚೆಗೆ. ವಿಳಾಸ ಓದುವ ಪ್ರೋಟೀನ್ ಷೀ2. ಅದು ಗುರುತಿಸುವುದು ಅಕ್ಷರಗಳ ಸಾಲನ್ನಷ್ಟೇ ಅಲ್ಲ, ಆರ್‌ಎನ್‌ಎ ಮಡಚಿಕೊಂಡ ಆಕಾರವನ್ನು. ಆ ಮಡಿಕೆಗಳು ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮನ್ನೂ ನಿಧಾನಿಸುತ್ತವೆ. ಷೀ2ಗೆ ಷೀ3, ಷೀ3ಗೆ ಮಯೋ4 ಎಂಬ ಮೋಟಾರು ಅಂಟಿಕೊಳ್ಳುತ್ತದೆ, ಅದರ ಕಾಲಡಿಗೆ ಹಳಿಯಾಗಿ ಆಕ್ಟಿನ್ ಎಳೆ. ಒಂಟಿ ಮಯೋ4 ದೂರ ನಡೆಯಲಾರದು. ಷೀ2 ನಾಲ್ಕರ ಕೂಟವಾಗಿರುವುದರಿಂದ ಒಂದಕ್ಕಿಂತ ಹೆಚ್ಚು ಮೋಟಾರು ಸೇರಿ ಎಳೆಯುತ್ತವೆ. ವೇಗ ಸೆಕೆಂಡಿಗೆ 200ರಿಂದ 440 ನ್ಯಾನೋಮೀಟರ್. 5 ಮೈಕ್ರೋಮೀಟರಿನ ಕೋಶವನ್ನು ನೆಟ್ಟಗೆ ದಾಟಲು ಅರ್ಧ ನಿಮಿಷವೂ ಬೇಡ.

ಎಲ್ಲದಕ್ಕೂ ಮೋಟಾರೇ ಬೇಕೆಂದೂ ಇಲ್ಲ. ಹಣ್ಣುನೊಣದ ನ್ಯಾನೋಸ್ ಎಂಆರ್‌ಎನ್‌ಎ ಮೊಟ್ಟೆಯೊಳಗೆ ತೇಲಾಡಿ ಹಿಂಬದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದೂ ಬರೀ ಶೇ. 4ರಷ್ಟು. ಉಳಿದದ್ದರ ಬಾಯಿಯನ್ನು ಸ್ಮಾಗ್ ಎಂಬ ಪ್ರೋಟೀನ್ ಮುಚ್ಚಿಸುತ್ತದೆ, ಅಂದರೆ ಅನುವಾದವಾಗಲು ಬಿಡುವುದಿಲ್ಲ.

ಈಗ ಪ್ರಯೋಗ. ಎಂಆರ್‌ಎನ್‌ಎಗೆ ಎಂಎಸ್2 ಕುಣಿಕೆಗಳನ್ನು (ಹೊಳೆಯುವ ಹೊದಿಕೆ ಪ್ರೋಟೀನ್ ಬಂದು ಕೂರುವ ಆರ್‌ಎನ್‌ಎ ಮಡಿಕೆಗಳನ್ನು) ಸೇರಿಸಿ ಜೀವಂತ ಕೋಶದಲ್ಲೇ ನೋಡುತ್ತೇನೆ ಎಂದಿದ್ದಿ. ನೋಡು, ಆದರೆ ಅದೊಂದನ್ನೇ ನಂಬಬೇಡ. ಹೊದಿಕೆ ಪ್ರೋಟೀನ್ ಬಿಗಿಯಾಗಿ ಕೂತ 24 ಕುಣಿಕೆಗಳನ್ನು ಆರ್‌ಎನ್‌ಎ ಕಡಿಯುವ ಯೀಸ್ಟಿನ ಕಿಣ್ವ ಎಕ್ಸ್‌ಆರ್‌ಎನ್1 ಪೂರ್ತಿ ಕಡಿದು ಮುಗಿಸಲಾರದು. ಎಂಆರ್‌ಎನ್‌ಎ ಹೋದರೂ ಬಾಲ ಉಳಿದು ಹೊಳೆಯುತ್ತಿರುತ್ತದೆ. ಪ್ರೋಟೀನ್ ಬರೆದಿರುವ ಭಾಗಕ್ಕೆ ಒಂದು ಬಣ್ಣ, ಕುಣಿಕೆಗೆ ಇನ್ನೊಂದು ಬಣ್ಣದ ಪ್ರೋಬ್ ಹಾಕಿ ಫಿಶ್ (ಹೊಳೆಯುವ ಪ್ರೋಬ್ ಅಂಟಿಸಿ ಆರ್‌ಎನ್‌ಎ ಎಲ್ಲಿದೆಯೆಂದು ನೋಡುವ ವಿಧಾನ) ಮಾಡು. ಎರಡೂ ಬಣ್ಣ ಕೂಡಿದ ಚುಕ್ಕೆ ಮಾತ್ರ ಲೆಕ್ಕಕ್ಕೆ.

ಫಿಶ್‌ನಲ್ಲಿ ಕೈಕೊಡುವುದು ಹೆಚ್ಚಾಗಿ ಕೋಶದ ಗೋಡೆ ಕರಗಿಸುವ ಹಂತ. ಶೇ. 4ರ ಫಾರ್ಮಾಲ್ಡಿಹೈಡಿನಲ್ಲಿ 45 ನಿಮಿಷ ಇಟ್ಟು, 1.2 ಮೋಲಾರ್ ಸಾರ್ಬಿಟಾಲ್ ಬಫರಿನಲ್ಲಿ ತೊಳೆದು, ಅದೇ ಬಫರಿನಲ್ಲಿ 30 ಡಿಗ್ರಿಯಲ್ಲಿ ಗೋಡೆ ಕರಗಿಸುವ ಎಂಜೈಮ್ ಜೈಮೋಲೇಸ್ ಹಾಕು. ಗಡಿಯಾರ ನೋಡಿಕೊಂಡು ಕೂರಬೇಡ. ಐದೈದು ನಿಮಿಷಕ್ಕೆ ಒಂದು ಹನಿ ತೆಗೆದು ಫೇಸ್ ಕಾಂಟ್ರಾಸ್ಟಿನಲ್ಲಿ ನೋಡು. ಮಿರಮಿರ ಹೊಳೆಯುತ್ತಿದ್ದ ಕೋಶಗಳಲ್ಲಿ ಹೆಚ್ಚಿನವು ಮಂಕಾಗಿ ಕಪ್ಪಿಟ್ಟ ಕೂಡಲೇ ನಿಲ್ಲಿಸು. ಹೊಳಪು ಉಳಿದರೆ ಪ್ರೋಬ್ ಒಳಗೆ ಹೋಗದು. ಇನ್ನೂ ಬಿಟ್ಟರೆ ಕೋಶ ಒಡೆದು ಬರೀ ನೆರಳು ಉಳಿಯುತ್ತದೆ. ಎಂಜೈಮಿನ ಜೊತೆ ಆರ್‌ಎನ್‌ಎ ಕಡಿಯುವ ಆರ್‌ಎನ್‌ಏಸ್ ಬಂದೀತು, ಅದನ್ನು ತಡೆಯುವ ದ್ರಾವಣ ಮರೆಯಬೇಡ. ಆಮೇಲೆ ಶೇ. 70ರ ಎಥನಾಲಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡು.

ಚುಕ್ಕೆಗಳು ಕೆಲವೇ ಕೋಶಗಳಲ್ಲಿ ಕಂಡರೆ ಹೆದರಬೇಡ. ಆಶ್1 ತಯಾರಾಗುವುದು ವಿಭಜನೆಯ ಕೊನೆಯ ಹೊತ್ತಿಗೆ. ಡಾಪಿಯಲ್ಲಿ (ಡಿಎನ್‌ಎಗೆ ಹಚ್ಚುವ ಬಣ್ಣ) ನ್ಯೂಕ್ಲಿಯಸ್ ಎರಡಾಗಿ, ಮೊಗ್ಗು ದೊಡ್ಡದಾಗಿರುವ ಕೋಶಗಳನ್ನಷ್ಟೇ ಎಣಿಸು. ಪಕ್ಕದಲ್ಲಿ ಷೀ2 ಇಲ್ಲದ ತಳಿಯೂ ಇರಲಿ. ಅದರಲ್ಲಿ ಚುಕ್ಕೆಗಳು ತಾಯಿ, ಮಗಳು ಎರಡರಲ್ಲೂ ಚದುರಿರಬೇಕು. ಆ ತಳಿಯಲ್ಲೂ ಚುಕ್ಕೆಗಳು ಮೊಗ್ಗಿನ ತುದಿಯಲ್ಲೇ ಕಂಡರೆ ಟ್ಯೂಬಿನ ಮೇಲೆ ಬರೆದ ಹೆಸರನ್ನು ಇನ್ನೊಮ್ಮೆ ಓದು.

ತಿದ್ದಿದ ಸ್ಲೈಡು ಶನಿವಾರದೊಳಗೆ ಕಳಿಸು. ಊಟ ಬಿಡಬೇಡ.

ನಿನ್ನ
ಅಮ್ಮ