ಅತ್ತೂರು ಜಾತ್ರೆಗೆ ಬರುವ ಭಕ್ತರಿಗೆ ಅನುಕೂಲ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ದೇವಾಲಯ 1759ರಷ್ಟು ಹಿಂದಿನ ಇತಿಹಾಸವುಳ್ಳದ್ದು. 2016ರಲ್ಲಿ ಅದಕ್ಕೆ ಬೆಸಿಲಿಕಾ (ಪೋಪ್ ಅವರಿಂದ ವಿಶೇಷ ಗೌರವ ಪಡೆದ ಚರ್ಚ್) ಪದವಿಯೂ ದೊರೆಯಿತು. ಜನವರಿಯಲ್ಲಿ ನಡೆಯುವ ವಾರ್ಷಿಕ ಮಹೋತ್ಸವಕ್ಕೆ, ಊರವರ ಬಾಯಲ್ಲಿ ಸಾಂತ್‌ಮಾರಿಗೆ, ಕ್ರೈಸ್ತರಷ್ಟೇ ಅಲ್ಲದೆ ಹಿಂದೂ, ಮುಸ್ಲಿಂ, ಜೈನ ಕುಟುಂಬಗಳೂ ಹರಕೆ ಹೊತ್ತು ಬಂದು ಮೊಂಬತ್ತಿ ಹಚ್ಚಿ ಹೋಗುತ್ತವೆ. ಕೊಂಕಣಿಯಲ್ಲೂ ಕನ್ನಡದಲ್ಲೂ ಬಲಿಪೂಜೆ (ಚರ್ಚಿನ ಸಾಮೂಹಿಕ ಆರಾಧನೆ) ನಡೆಯುತ್ತಿದ್ದರೆ, ಹೊರಗಿನ ಸಂತೆಯಲ್ಲಿ ತುಳು ಮಾತು ಕೇಳಿಸುತ್ತದೆ. ನಮ್ಮ ಕರಾವಳಿಯ ನಿಜವಾದ ಬದುಕು ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಷ್ಟು ಜನರನ್ನು ಬರಮಾಡಿಕೊಳ್ಳುವ ಹೊಣೆಯನ್ನು ಚರ್ಚಿನ ಸ್ವಯಂಸೇವಕರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಹಸುಗೂಸನ್ನು ಎತ್ತಿಕೊಂಡ ತಾಯಂದಿರು, ಕೋಲೂರಿಕೊಂಡು ಬರುವ ವೃದ್ಧರು ವಾಹನಗಳ ಸಾಲಿನ ನಡುವೆಯೇ ನಡೆಯಬೇಕಾಗುತ್ತದೆ. ಆದ್ದರಿಂದ ಪಾದಚಾರಿಗಳಿಗೆ ಪ್ರತ್ಯೇಕ ದಾರಿ, ಮಹಿಳೆಯರಿಗೆ ಸಾಕಷ್ಟು ಶೌಚಾಲಯ, ಕುಡಿಯುವ ನೀರು ಹಾಗೂ ರಾತ್ರಿ ಪೂಜೆ ಮುಗಿದ ನಂತರ ಉಡುಪಿ, ಮಂಗಳೂರು, ಮೂಡುಬಿದಿರೆ ಕಡೆಗೆ ಹೆಚ್ಚುವರಿ ಬಸ್ಸುಗಳ ವ್ಯವಸ್ಥೆಯನ್ನು ಜಿಲ್ಲಾಡಳಿತವು ಮುಂದಿನ ಜಾತ್ರೆಗೆ ಸಾಕಷ್ಟು ಮೊದಲೇ ನಿಗದಿಪಡಿಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಕಾರ್ಕಳ