ಸಂಘದ ವೆಬ್‌ಸೈಟ್ ನಿರ್ವಹಣೆ ಕುರಿತು ದೂರು ಪತ್ರ

ಇಂದ:
ಕಾರ್ಯದರ್ಶಿ ಮತ್ತು ವೆಬ್‌ಸೈಟ್ ಉಪಸಮಿತಿ
ಪತ್ತಿನ ಸಹಕಾರ ಸಂಘ

ಗೆ:
ವ್ಯವಸ್ಥಾಪಕರು
ವೆಬ್‌ಸೈಟ್ ಅಭಿವೃದ್ಧಿ ಮತ್ತು ನಿರ್ವಹಣಾ ಸಂಸ್ಥೆ

ವಿಷಯ: ನೀವು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ತಂತ್ರಾಂಶದಲ್ಲಿ ಕಟ್ಟಿಕೊಟ್ಟು, ವಾರ್ಷಿಕ ಒಪ್ಪಂದದ ಮೇಲೆ ನಿರ್ವಹಿಸುತ್ತಿರುವ ವೆಬ್‌ಸೈಟಿನ ದೋಷಗಳು ಹಾಗೂ ಪೂರ್ಣ ಹಸ್ತಾಂತರದ ಬೇಡಿಕೆ.

ಮಾನ್ಯರೇ,

ನಾವು ಬರೆದ ಯಾವ ಟಿಕೆಟ್‌ಗಾದರೂ ನಿಮ್ಮ ಬೆಂಬಲ ವಿಭಾಗದ ಉತ್ತರ ಒಂದೇ: "ಬ್ರೌಸರಿನ ಕ್ಯಾಶ್ ಕ್ಲಿಯರ್ ಮಾಡಿ ನೋಡಿ." (ಕ್ಯಾಶ್ ಎಂದರೆ ಪುಟ ಬೇಗ ತೆರೆಯಲೆಂದು ಉಳಿಸಿಟ್ಟ ಹಿಂದಿನ ಪ್ರತಿ.) ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಕೊಡುವ ಈ ಪದ್ಧತಿಯಿಂದ ಬೇಸತ್ತು, ಈ ಬಾರಿ ದೋಷ ಎಲ್ಲಿದೆ, ಏಕೆ ಆಗುತ್ತಿದೆ, ಏನು ಮಾಡಬೇಕು ಎಂಬುದನ್ನು ನಾವೇ ಬರೆದು ಕಳಿಸುತ್ತಿದ್ದೇವೆ. ಇವು ವರ್ಡ್‌ಪ್ರೆಸ್‌ನ ದೋಷಗಳಲ್ಲ. ಇಂಗ್ಲಿಷ್ ಗ್ರಾಹಕರಿಗೆ ಮಾಡಿದ ಅಚ್ಚನ್ನೇ ಕನ್ನಡ ಸಂಘಕ್ಕೂ ಒತ್ತಿ ಕೊಟ್ಟು, ಆಮೇಲೆ ಬೀಗದ ಕೈಯನ್ನು ನಿಮ್ಮಲ್ಲೇ ಇಟ್ಟುಕೊಂಡಿದ್ದರಿಂದ ಆದವು.

ಮೊದಲನೆಯದನ್ನು ಈ ಪತ್ರ ತಲುಪಿದ ದಿನವೇ ಸರಿಪಡಿಸಬೇಕು. ಸದಸ್ಯತ್ವ ಅರ್ಜಿಯ ಫಾರಂನಲ್ಲಿ ಆಧಾರ್ ಮತ್ತು ಪ್ಯಾನ್ ಪ್ರತಿ ಅಪ್‌ಲೋಡ್ ಮಾಡುವ ಜಾಗ ಇಟ್ಟಿದ್ದೀರಿ. ಆ ಕಡತಗಳು ವೆಬ್‌ಸೈಟಿನ ಅಪ್‌ಲೋಡ್ಸ್ ಫೋಲ್ಡರಿನೊಳಗೆ, ಹಾಕಿದವರು ಇಟ್ಟ ಹೆಸರಿನಲ್ಲೇ ಹೋಗಿ ಕೂರುತ್ತವೆ. ಆ ಫೋಲ್ಡರ್ ಸಾರ್ವಜನಿಕ. ಲಾಗಿನ್ ಇಲ್ಲದೆ ವಿಳಾಸ ಟೈಪ್ ಮಾಡಿದರೆ ಕಡತ ತೆರೆಯುತ್ತದೆ. ಸಾಲದ್ದಕ್ಕೆ ಸರ್ವರಿನಲ್ಲಿ ಡೈರೆಕ್ಟರಿ ಲಿಸ್ಟಿಂಗ್ ತೆರೆದೇ ಇದೆ. ಅಂದರೆ ವಿಳಾಸ ಊಹಿಸುವ ಕಷ್ಟವೂ ಇಲ್ಲ, ಪಟ್ಟಿಯೇ ಸಿಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ ಸದಸ್ಯರ ಮಾಹಿತಿಗೆ ಹೊಣೆ ಸಂಘದ್ದು. ಮಾಹಿತಿಯನ್ನು ನಿರ್ವಹಿಸುತ್ತಿದ್ದವರು ನೀವು ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಮಾಡಬೇಕಾದದ್ದು ಇಷ್ಟು. ಫಾರಂನಿಂದ ಅಪ್‌ಲೋಡ್ ಜಾಗ ತೆಗೆಯಿರಿ. ಡೈರೆಕ್ಟರಿ ಲಿಸ್ಟಿಂಗ್ ಮುಚ್ಚಿ. ಇರುವ ಕಡತಗಳನ್ನು ನಮಗೆ ಒಪ್ಪಿಸಿ ಸರ್ವರಿನಿಂದ ಅಳಿಸಿ. ಮೀಡಿಯಾ ಲೈಬ್ರರಿಯಲ್ಲಿ ಹುಡುಕಿ "ಏನೂ ಇಲ್ಲ" ಎನ್ನಬೇಡಿ; ಫಾರಂ ಪ್ಲಗಿನ್ (ಫಾರಂಗಾಗಿ ಸೇರಿಸಿದ ಹೆಚ್ಚುವರಿ ತಂತ್ರಾಂಶ) ತನ್ನದೇ ಉಪಫೋಲ್ಡರಿನಲ್ಲಿ ಇಡುವ ಕಡತಗಳು ಲೈಬ್ರರಿಯಲ್ಲಿ ಕಾಣುವುದಿಲ್ಲ, ಫೈಲ್ ಮ್ಯಾನೇಜರ್ ತೆರೆದೇ ನೋಡಬೇಕು. ಹಳೆಯ ಬ್ಯಾಕಪ್‌ಗಳಲ್ಲೂ ಇವುಗಳ ಪ್ರತಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಫೋಲ್ಡರಿಗೆ ಹೊರಗಿನಿಂದ ಯಾರು ಯಾವಾಗ ಬಂದಿದ್ದರು ಎಂಬ ಆಕ್ಸೆಸ್ ಲಾಗ್ ನಮಗೆ ಬೇಕು. ಲಾಗ್ ತಾನಾಗಿ ಅಳಿದುಹೋಗುವ ಮೊದಲು ಅದನ್ನು ತೆಗೆದಿಡಿ.

ಎರಡನೆಯದು ಠೇವಣಿ ಬಡ್ಡಿ ದರದ ಪುಟ. ಕೌಂಟರ್‌ನಲ್ಲಿ ಒಂದು ದರ, ಸದಸ್ಯರ ಫೋನಿನಲ್ಲಿ ಇನ್ನೊಂದು ದರ ಕಾಣುತ್ತಿದೆ. ಆ ಪುಟವನ್ನು ಪೇಜ್ ಬಿಲ್ಡರ್‌ನಲ್ಲಿ (ಪುಟ ಜೋಡಿಸುವ ಸಲಕರಣೆ) ತೆರೆದು ಎಡಬದಿಯ ವಿಭಾಗಗಳ ಪಟ್ಟಿ ನೋಡಿ: ಒಂದೇ ಕೋಷ್ಟಕದ ಮೂರು ಪ್ರತಿಗಳಿವೆ. ಒಂದು ಕಂಪ್ಯೂಟರಿಗೆ, ಒಂದು ಟ್ಯಾಬ್ಲೆಟ್‌ಗೆ, ಒಂದು ಫೋನಿಗೆ. ಪರದೆಯ ಅಗಲಕ್ಕೆ ತಕ್ಕಂತೆ ಎರಡನ್ನು ಅಡಗಿಸಿ ಒಂದನ್ನು ತೋರಿಸುವ ವ್ಯವಸ್ಥೆ. ಗುಮಾಸ್ತರು ಕಚೇರಿಯ ಕಂಪ್ಯೂಟರಿನಲ್ಲಿ ಕಾಣುವ ಕೋಷ್ಟಕ ತಿದ್ದಿ ಅಪ್‌ಡೇಟ್ ಒತ್ತುತ್ತಾರೆ, ತಮ್ಮ ಪರದೆಯಲ್ಲಿ ಹೊಸ ದರ ನೋಡಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಫೋನಿನ ಪ್ರತಿಯಲ್ಲಿ ಹಳೆಯ ದರ ಹಾಗೇ ಇರುತ್ತದೆ. ಗೂಗಲ್ ಪುಟಗಳನ್ನು ಓದುವುದು ಮುಖ್ಯವಾಗಿ ಫೋನಿನ ರೂಪದಲ್ಲೇ, ಹಾಗಾಗಿ ಹುಡುಕಾಟದ ಸಾರಾಂಶದಲ್ಲೂ ಹಳೆಯ ದರವೇ ಬರುತ್ತದೆ. ನಮ್ಮಲ್ಲಿ ಠೇವಣಿ ಇಡುವವರು ಹೆಚ್ಚಾಗಿ ನಿವೃತ್ತರು. ಕಾಲು ಪರ್ಸೆಂಟ್ ವ್ಯತ್ಯಾಸಕ್ಕೂ ಅವರು ಲೆಕ್ಕ ಕೇಳುತ್ತಾರೆ, ಕೇಳಬೇಕಾದ್ದೇ.

ಚಿಕ್ಕ ಪರದೆಯಲ್ಲಿ ಅಗಲದ ಕೋಷ್ಟಕ ತೋರಿಸಲು ಮೂರು ಪ್ರತಿ ಬೇಕಿಲ್ಲ. ವರ್ಡ್‌ಪ್ರೆಸ್‌ನದೇ ಟೇಬಲ್ ಬ್ಲಾಕ್ ಹಾಕಿ, ಅದರ ಹೊರಕವಚಕ್ಕೆ ಅಡ್ಡ ಸ್ಕ್ರಾಲ್ ಕೊಟ್ಟರೆ ಸಾಕು. ಇನ್ನೂ ಒಳ್ಳೆಯ ದಾರಿ ಎಂದರೆ ದರಗಳನ್ನು ಒಂದೇ ಕಡೆ, ಕಸ್ಟಮ್ ಫೀಲ್ಡ್ ಎಂಬ ಪ್ರತ್ಯೇಕ ಮಾಹಿತಿ ಖಾನೆಯಲ್ಲಿ ಇಟ್ಟು, ಮುಖಪುಟದ ಓಡುವ ಪಟ್ಟಿಯೂ ಠೇವಣಿ ಪುಟವೂ ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡುವುದು.

ಕ್ಯಾಶ್ ನಿಜವಾಗಿ ಅಡ್ಡ ಬರುವುದು ಇಲ್ಲೇ, ಆದರೆ ಬ್ರೌಸರಿನದಲ್ಲ, ನಿಮ್ಮ ಸರ್ವರಿನದು. ಪುಟ ತಿದ್ದಿದಾಗ ಆ ಪುಟದ ಕ್ಯಾಶ್ ಅಳಿಯುತ್ತದೆ, ಅದೇ ದರ ತೋರಿಸುವ ಮುಖಪುಟದ್ದು ಅಳಿಯುವುದಿಲ್ಲ. ಅಳಿಸುವ ಬಟನ್ ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ ಕಾಣುತ್ತದೆ, ನಮಗೆ ಕೊಟ್ಟಿರುವುದು ಎಡಿಟರ್ ಲಾಗಿನ್. ಬಟನ್ನೇ ಇಲ್ಲದವರಿಗೆ "ಕ್ಯಾಶ್ ಕ್ಲಿಯರ್ ಮಾಡಿ" ಎಂದರೆ ಏನರ್ಥ?

ಮೂರನೆಯದು ನುಡಿ ಫಾಂಟಿನ ವಿಚಾರ. ಕಚೇರಿಯ ಹಳೆಯ ಸುತ್ತೋಲೆ, ನಡಾವಳಿ, ಅರ್ಜಿ ನಮೂನೆಗಳೆಲ್ಲ ಹಳೆಯ ನುಡಿ ಫಾಂಟುಗಳಲ್ಲಿವೆ. ಅವುಗಳಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಕನ್ನಡ ಅಕ್ಷರಗಳನ್ನಲ್ಲ. ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ, ಅಷ್ಟೆ. ಎಡಿಟರಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಇದಕ್ಕೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಪರಿವರ್ತನೆ ಕೇಳಿದಾಗ ನೀವು ಮಾಡಿದ್ದೇನು? ಆ ಹಳೆಯ ಫಾಂಟನ್ನೇ ವೆಬ್ ಫಾಂಟ್ ಮಾಡಿ ಸರ್ವರಿಗೆ ಹಾಕಿ, ಪ್ಯಾರಾಗಳಿಗೆ ಅದನ್ನು ತೊಡಿಸಿ, "ಈಗ ಕನ್ನಡ ಕಾಣುತ್ತಿದೆ" ಎಂದಿರಿ. ಇದು ಮೂಗಿಗೆ ತುಪ್ಪ ಸವರುವ ಕೆಲಸ. ಕಣ್ಣಿಗೆ ಕನ್ನಡ, ಉಳಿದ ಎಲ್ಲಕ್ಕೂ ಕಸ. "ಠೇವಣಿ" ಎಂದು ಹುಡುಕಿದರೆ ಆ ಪುಟಗಳು ಸಿಗುವುದಿಲ್ಲ. ವಾಕ್ಯ ನಕಲಿಸಿ ವಾಟ್ಸಾಪ್‌ಗೆ ಅಂಟಿಸಿದರೆ ಚಿಹ್ನೆಗಳು ಹೋಗುತ್ತವೆ. ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ದನಿಯಲ್ಲಿ ಓದುವ ತಂತ್ರಾಂಶ) ಬಳಸುವ ಸದಸ್ಯರಿಗೆ ಅದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳುತ್ತದೆ. ನೆಟ್‌ವರ್ಕ್ ನಿಧಾನವಾಗಿ ಫಾಂಟ್ ಇಳಿಯದಿದ್ದರೆ ಕಣ್ಣಿಗೂ ಕನ್ನಡವಿಲ್ಲ.

ಸರಿಯಾದ ದಾರಿ: ಆ ಫಾಂಟನ್ನು ಸರ್ವರಿನಿಂದ ತೆಗೆಯುವುದು, ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ ಮತ್ತೆ ಹಾಕುವುದು. ಎರಡು ಕಡೆ ಕಣ್ಣಿಟ್ಟು ನೋಡಬೇಕು. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರುತ್ತದೆ. ಕಳಪೆ ಪರಿವರ್ತಕಗಳು "ವಾರ್ಷಿಕ", "ಕಾರ್ಯದರ್ಶಿ"ಯಂಥ ಪದಗಳಲ್ಲಿ ಎಡವುವುದು ಇಲ್ಲೇ. ಇನ್ನೊಂದು, ಮಧ್ಯೆ ಬರುವ ಇಂಗ್ಲಿಷ್ ಪದಗಳು. ಇಮೇಲ್ ವಿಳಾಸ, ಐಎಫ್‌ಎಸ್‌ಸಿ ಸಂಕೇತ ಇವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಪರಿವರ್ತಿಸುವ ಮುನ್ನ ಅವನ್ನು ಬೇರ್ಪಡಿಸಿ.

ಇದಕ್ಕೆ ಹೊಂದಿಕೊಂಡ ಎರಡು ಸಣ್ಣ ವಿಷಯ. ವೆಬ್‌ಸೈಟಿನ ಭಾಷೆ ಇಂದಿಗೂ ಅಮೆರಿಕನ್ ಇಂಗ್ಲಿಷ್ ಎಂದೇ ಇದೆ, ಹಾಗಾಗಿ ಸ್ಕ್ರೀನ್ ರೀಡರ್ ಯೂನಿಕೋಡ್ ಪುಟಗಳನ್ನೂ ಇಂಗ್ಲಿಷ್ ದನಿಯಲ್ಲಿ ಓದಲು ಹೊರಡುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಭಾಷೆಯನ್ನು ಕನ್ನಡ ಮಾಡಿ. ನಿಮ್ಮ ಸಿಬ್ಬಂದಿಗೆ ಮೆನು ಇಂಗ್ಲಿಷಿನಲ್ಲೇ ಬೇಕಿದ್ದರೆ ಅವರವರ ಪ್ರೊಫೈಲಿನಲ್ಲಿ ಬೇರೆ ಭಾಷೆ ಆರಿಸಿಕೊಳ್ಳಬಹುದು. ಶೀರ್ಷಿಕೆಗಳಲ್ಲಿ ಸಾಲಿನ ಎತ್ತರ 1.1 ಇಟ್ಟು, ಹೊರಚಾಚಿದ್ದನ್ನು ಕತ್ತರಿಸುವಂತೆ ಮಾಡಿದ್ದೀರಿ. ಇಂಗ್ಲಿಷಿಗೆ ಅದು ಸಾಕು. "ರಾಷ್ಟ್ರೀಯ" ಎಂಬಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳಿವೆ, ಕೆಳಗಿನದು ಮಾಯವಾಗುತ್ತದೆ. 1.5ಕ್ಕಿಂತ ಕಡಿಮೆ ಇಡಬೇಡಿ.

ಇನ್ನು ಪುಟಗಳ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ, ಆದರೆ ಅದಕ್ಕೆ 200 ಸ್ಥಾನಗಳ ಮಿತಿ ಇದೆ. ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ವಿಳಾಸದಲ್ಲಿ ಒಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಸ್ಥಾನ. ಅಂದರೆ ಒಂದು ಚಿಹ್ನೆಗೆ 9. ಸ್ವರಚಿಹ್ನೆ, ಹಲಂತವೂ ಬೇರೆ ಬೇರೆ ಲೆಕ್ಕ. ಹೀಗೆ 22 ಚಿಹ್ನೆಗಳಿಗೆ ವಿಳಾಸ ಮುಗಿಯುತ್ತದೆ. ಪ್ರತಿ ವರ್ಷ ನಾವು ಹಾಕುವ ಶೀರ್ಷಿಕೆ "ವಾರ್ಷಿಕ ಸರ್ವ ಸದಸ್ಯರ ಸಭೆಯ ತಿಳುವಳಿಕೆ 2023-24" ಎಂಬ ಮಾದರಿಯದು. ಎಣಿಸಿ ನೋಡಿ: "ವಾರ್ಷಿಕ-ಸರ್ವ-ಸದಸ್ಯರ-ಸಭೆಯ" ಎಂಬಲ್ಲಿಗೆ 192 ಸ್ಥಾನ ತುಂಬಿದವು. "ತಿಳುವಳಿಕೆ"ಯ ಮೊದಲ ಅಕ್ಷರಕ್ಕೇ ಜಾಗವಿಲ್ಲ, ವರ್ಷವಂತೂ ದೂರವೇ ಉಳಿಯಿತು. ಮರುವರ್ಷದ ನೋಟಿಸಿಗೂ ಅದೇ ವಿಳಾಸ ಹುಟ್ಟುತ್ತದೆ, ಗುರುತಿಗೆ ಕೊನೆಗೆ 2 ಎಂಬ ಅಂಕಿ, ಅದರ ಮರುವರ್ಷ 3. ಸದಸ್ಯರು ಹುಡುಕಿದಾಗ ಹಳೆಯ ವರ್ಷದ ನೋಟಿಸು ಮೇಲೆ ಬಂದರೆ ಆಶ್ಚರ್ಯವೇನು?

ಪ್ರಕಟಿಸುವಾಗ ವಿಳಾಸದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "mahasabhe-2024-25" ಎಂಬಂತೆ ಚಿಕ್ಕದಾಗಿ ಬರೆದರೆ ಮುಗಿಯಿತು. ಆ ಪೆಟ್ಟಿಗೆ ನಮ್ಮ ಎಡಿಟರ್ ಪರದೆಯಲ್ಲಿ ಕಾಣುತ್ತಿಲ್ಲ, ಅಡಗಿಸಿದ್ದೀರಿ. ಅದನ್ನು ತೋರಿಸಿ. ಈಗಿರುವ ವಿಳಾಸಗಳನ್ನು ಬದಲಿಸುವಾಗ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಶಾಶ್ವತ ಸೂಚನೆ) ಕೊಡಿ, ಇಲ್ಲದಿದ್ದರೆ ಈಗಾಗಲೇ ಹಂಚಿಕೆಯಾದ ಕೊಂಡಿಗಳೆಲ್ಲ ಸಾಯುತ್ತವೆ.

ಬೆಳಿಗ್ಗೆ 10ಕ್ಕೆ ನಿಗದಿ ಮಾಡಿದ ಟೆಂಡರ್ ಪ್ರಕಟಣೆ ಮಧ್ಯಾಹ್ನ 3.30ಕ್ಕೆ ಹೊರಬರುವುದಕ್ಕೆ ಕಾರಣ ಸಮಯ ವಲಯ ಯುಟಿಸಿ+0, ಅಂದರೆ ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ ಎಂದಿರುವುದು. ಅದನ್ನು ಕೋಲ್ಕತ ಎಂದು ಬದಲಿಸಲು ಅರ್ಧ ನಿಮಿಷ ಸಾಕು. ಕೆಲವೊಮ್ಮೆ ಆಗಲೂ ಬಾರದೆ "ನಿಗದಿ ತಪ್ಪಿದೆ" ಎಂದು ಉಳಿಯುತ್ತದೆ. ವರ್ಡ್‌ಪ್ರೆಸ್‌ನ ಒಳಗಿನ ಗಡಿಯಾರ ಯಾರಾದರೂ ಸೈಟಿಗೆ ಬಂದಾಗ ಮಾತ್ರ ಓಡುತ್ತದೆ. ಬಂದವರಿಗೆಲ್ಲ ಕ್ಯಾಶ್ ಪ್ರತಿಯೇ ಸಿಕ್ಕರೆ ಅದೂ ಓಡುವುದಿಲ್ಲ. ಅದನ್ನು ನಿಲ್ಲಿಸಿ ಸರ್ವರಿನ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) 5 ನಿಮಿಷಕ್ಕೊಮ್ಮೆ ಓಡಿಸಿ.

"ಸಂಪರ್ಕಿಸಿ" ಫಾರಂ ತುಂಬಿದವರಿಗೆ "ಧನ್ಯವಾದಗಳು, ನಿಮ್ಮ ಸಂದೇಶ ತಲುಪಿದೆ" ಎಂದು ಬರುತ್ತದೆ. ತಲುಪಿಲ್ಲ. ಕಳುಹಿಸಿದವರ ವಿಳಾಸದ ಜಾಗದಲ್ಲಿ ಫಾರಂ ತುಂಬಿದವರ ಜಿಮೇಲ್ ವಿಳಾಸವನ್ನೇ ಹಾಕಿ ನಿಮ್ಮ ಸರ್ವರ್ ಅಂಚೆ ಬಿಡುತ್ತಿದೆ. ಪಡೆಯುವ ಕಡೆಯವರಿಗೆ ಇದು ಖೊಟ್ಟಿ ಪತ್ರದಂತೆ ಕಾಣುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಬರುವ ಎಲ್ಲ ಅಂಚೆಗೂ ಎಸ್‌ಪಿಎಫ್ ಅಥವಾ ಡಿಕಿಮ್ (ಅಂಚೆ ನಿಜವಾಗಿ ಆ ಡೊಮೈನಿನದೇ ಎಂದು ದೃಢಪಡಿಸುವ ದಾಖಲೆಗಳು) ಇರಬೇಕೆಂದು ಕೇಳುತ್ತಿದೆ. ನಮ್ಮ ಡೊಮೈನಿಗೆ ಎರಡೂ ಇಲ್ಲ. ಕಳುಹಿಸುವ ವಿಳಾಸ ನಮ್ಮ ಡೊಮೈನಿನದಿರಲಿ, ಮರುತ್ತರದ ವಿಳಾಸ ಮಾತ್ರ ಸದಸ್ಯರದಿರಲಿ, ಅಂಚೆ ಎಸ್‌ಎಂಟಿಪಿ ಮೂಲಕ, ಅಂದರೆ ಲಾಗಿನ್ ಆಗಿ ಕಳಿಸುವ ಅಂಚೆ ಸರ್ವರಿನ ಮೂಲಕ ಹೋಗಲಿ. ಪ್ರತಿ ಸಂದೇಶದ ಒಂದು ಪ್ರತಿ ಡೇಟಾಬೇಸ್‌ನಲ್ಲೂ ಉಳಿಯಲಿ.

ಲಾಗಿನ್‌ಗಳ ವಿಷಯ ಚಿಕ್ಕದು. ಒಂದೇ ಎಡಿಟರ್ ಲಾಗಿನ್ ಎಲ್ಲ ಶಾಖೆಗಳಿಗೂ. ಯಾರು ಏನು ತಿದ್ದಿದರು ಎಂದು ತಿಳಿಯುವುದಿಲ್ಲ. ರಿವಿಷನ್ ಸೌಲಭ್ಯವನ್ನೂ ನಿಲ್ಲಿಸಿದ್ದೀರಿ, ಹಾಗಾಗಿ ಹಿಂದಿನ ರೂಪಕ್ಕೆ ಮರಳುವ ದಾರಿಯೂ ಇಲ್ಲ. ಶಾಖೆಯವರಿಗೆ ಬರೆದು ಒಪ್ಪಿಗೆಗೆ ಕಳಿಸುವ ಕಾಂಟ್ರಿಬ್ಯೂಟರ್ ಪಾತ್ರ, ಪ್ರಧಾನ ಕಚೇರಿಗೆ ಎಡಿಟರ್, ಸಂಘದ ಹೆಸರಿನಲ್ಲಿ ಒಂದು ಅಡ್ಮಿನಿಸ್ಟ್ರೇಟರ್ ಕೊಡಿ.

ತಂತ್ರಾಂಶದ ಅಪ್‌ಡೇಟ್ ನಿಂತಿರುವುದು ಏಕೆಂದು ನಮಗೆ ಗೊತ್ತಿದೆ. ಥೀಮಿನ (ಸೈಟಿನ ಹೊರರೂಪ ನಿರ್ಧರಿಸುವ ಕಡತಗಳ ಗುಂಪು) ಮೂಲ ಕಡತಗಳನ್ನೇ ಕೈಯಾರೆ ತಿದ್ದಿದ್ದೀರಿ. ಅಪ್‌ಡೇಟ್ ಮಾಡಿದರೆ ನಿಮ್ಮ ತಿದ್ದುಪಡಿ ಅಳಿಯುತ್ತದೆ, ಅದಕ್ಕೇ ಅಪ್‌ಡೇಟ್ ಬಟನ್ನನ್ನೇ ಮುಚ್ಚಿದ್ದೀರಿ. ತಿದ್ದುಪಡಿಗಳನ್ನು ಬೇರೆಯಾಗಿ ಇಡುವ ಚೈಲ್ಡ್ ಥೀಮ್ ಇರುವುದು ಇದಕ್ಕಾಗಿಯೇ. ಹಳೆಯ ಪ್ಲಗಿನ್‌ಗಳ ಕಾರಣಕ್ಕೆ ಸರ್ವರ್ ಇನ್ನೂ ಪಿಎಚ್‌ಪಿ (ವರ್ಡ್‌ಪ್ರೆಸ್ ಓಡುವ ಪ್ರೋಗ್ರಾಮಿಂಗ್ ಭಾಷೆ) 7.4ರಲ್ಲಿದೆ. ಅದಕ್ಕೆ ಭದ್ರತಾ ಪರಿಷ್ಕರಣೆ 2022ರ ನವೆಂಬರ್‌ಗೇ ನಿಂತಿದೆ. ಮೊದಲು ಬ್ಯಾಕಪ್, ಆಮೇಲೆ ಪರೀಕ್ಷಾ ಪ್ರತಿಯಲ್ಲಿ ಪ್ಲಗಿನ್, ಥೀಮ್, ವರ್ಡ್‌ಪ್ರೆಸ್, ಕೊನೆಗೆ ಪಿಎಚ್‌ಪಿ. ನೇರವಾಗಿ ನಡೆಯುತ್ತಿರುವ ಸೈಟಿನ ಮೇಲೆ ಪ್ರಯೋಗ ಬೇಡ.

ಕಡೆಯದು ಹಸ್ತಾಂತರ. ಪೂರ್ಣ ಬ್ಯಾಕಪ್ ಕೇಳಿದ್ದಕ್ಕೆ ನೀವು ಕಳಿಸಿದ್ದು ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಎಕ್ಸ್‌ಎಂಎಲ್ ಕಡತ. ಅದರಲ್ಲಿ ಬರಹಗಳಿವೆ, ಚಿತ್ರಗಳೂ ಪಿಡಿಎಫ್‌ಗಳೂ ಇಲ್ಲ, ಅವುಗಳ ವಿಳಾಸ ಮಾತ್ರ ಇದೆ. ನಿಮ್ಮ ಸರ್ವರ್ ಮುಚ್ಚಿದ ಕ್ಷಣ ಆ ವಿಳಾಸಗಳೂ ಖಾಲಿ. ಪ್ಲಗಿನ್ ಸೆಟ್ಟಿಂಗ್‌ಗಳೂ ಅದರಲ್ಲಿ ಬರುವುದಿಲ್ಲ. ನಮಗೆ ಬೇಕಾದದ್ದು:

ಡೇಟಾಬೇಸ್‌ನ ಪೂರ್ಣ ಎಸ್‌ಕ್ಯೂಎಲ್ ಪ್ರತಿ, ಯುಟಿಎಫ್-8 ಎಂಬಿ4 ಸಂಕೇತದಲ್ಲಿ. ತಪ್ಪು ಸಂಕೇತದಲ್ಲಿ ತೆಗೆದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆ ಪ್ರತಿಯಿಂದ ಅಕ್ಷರ ಮರಳಿ ಪಡೆಯಲಾಗದು. ಕಳಿಸುವ ಮೊದಲು ಕಡತ ತೆರೆದು ಒಂದು ಕನ್ನಡ ಸಾಲು ಓದಿ.

ಅಪ್‌ಲೋಡ್ಸ್, ಥೀಮ್, ಪ್ಲಗಿನ್ ಸೇರಿದ ಇಡೀ ಕಂಟೆಂಟ್ ಫೋಲ್ಡರ್.

ಡೊಮೈನ್ ರಿಜಿಸ್ಟ್ರಾರ್ ಖಾತೆ, ಇಲ್ಲವೇ ಲಾಕ್ ತೆರೆದು ವರ್ಗಾವಣೆ ಸಂಕೇತ. ನೋಂದಣಿ ಈಗ ನಿಮ್ಮ ಸಂಸ್ಥೆಯ ಹೆಸರು ಮತ್ತು ಇಮೇಲ್‌ನಲ್ಲಿದೆ. ಶುಲ್ಕ ಕಟ್ಟಿದ್ದು ಸಂಘ, ಮಾಲೀಕರ ಹೆಸರೂ ಸಂಘದ್ದೇ ಆಗಬೇಕು.

ಥೀಮ್ ಮತ್ತು ಪೇಜ್ ಬಿಲ್ಡರಿನ ಪರವಾನಗಿ ಕೀಲಿಗಳು, ಅವುಗಳ ಮುಕ್ತಾಯ ದಿನಾಂಕ ಸಹಿತ.

ಆಧಾರ್ ಕಡತಗಳ ಕೆಲಸ ಕೂಡಲೇ, ಬಡ್ಡಿ ದರ ಮತ್ತು ಅಂಚೆಯದು ಒಂದು ವಾರದೊಳಗೆ, ಉಳಿದದ್ದು ಹಾಗೂ ಹಸ್ತಾಂತರ ಒಂದು ತಿಂಗಳೊಳಗೆ ಆಗಬೇಕು. ನಿರ್ವಹಣಾ ಒಪ್ಪಂದದ ಬಾಕಿ ಕಂತನ್ನು, ನೀವು ಕೊಟ್ಟ ಬ್ಯಾಕಪ್‌ನಿಂದ ಬೇರೊಂದು ಸರ್ವರಿನಲ್ಲಿ ಸೈಟ್ ಎದ್ದು ನಿಂತ ಮೇಲೆ ಬಿಡುಗಡೆ ಮಾಡಲಾಗುವುದು. ಉತ್ತರ ಲಿಖಿತವಾಗಿ ಬರಲಿ. "ಸರಿಪಡಿಸಲಾಗಿದೆ" ಎಂಬ ಒಂದು ಸಾಲು ಸಾಲದು. ಯಾವ ಪುಟದ ಯಾವ ಸೆಟ್ಟಿಂಗ್ ಏನಿತ್ತು, ಏನಾಯಿತು ಎಂದು ಬರೆಯಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ
ವೆಬ್‌ಸೈಟ್ ಉಪಸಮಿತಿಯ ಪರವಾಗಿ

ಪ್ರತಿ: ಅಧ್ಯಕ್ಷರು ಹಾಗೂ ಆಡಳಿತ ಮಂಡಳಿಯ ಸದಸ್ಯರ ಅವಗಾಹನೆಗೆ.